ಸೀಸೆಯಲ್ಲಿ ಹೋದ ಕೆರೆ

ನಮ್ಮ ಮಾಲೂರಿನ ಕೆರೆಯ ತಳದ ಕಲ್ಲುಗಳನ್ನು ದಡದಲ್ಲಿ ನಿಂತೇ ಎಣಿಸಬಹುದಿತ್ತು ಎಂದು ನಾನು ಬಹಳ ಜನರಿಗೆ ಹೇಳಿದ್ದೇನೆ. ಹೇಳುವಾಗಲೆಲ್ಲ ಆ ಕಲ್ಲುಗಳ ಮೇಲೆ ಬಿಸಿಲು ತೂಗುವುದು ಕಣ್ಣಿಗೆ ಕಟ್ಟುತ್ತದೆ. ರಸಾಯನಶಾಸ್ತ್ರ ಓದಿದ ಮೇಲೆ ಮಾತ್ರ ಅನುಮಾನ ಹತ್ತಿತು. ಸುತ್ತಲೂ ಕೆಮ್ಮಣ್ಣಿನ ರಾಗಿ ಹೊಲ; ಮಳೆಗೆ ಆ ಮಣ್ಣೆಲ್ಲ ಬಂದು ಸೇರುವ ಕೆರೆ ತಿಳಿಯಾಗಿದ್ದುದು ಹೇಗೆ?

ಸೋದರತ್ತೆ ನಾರಾಯಣಮ್ಮನನ್ನು ಕೇಳಿದೆ.

"ಕಲ್ಲಾ? ಲೇ, ನೀರಲ್ಲಿ ನಿಂತ ಎಮ್ಮೆ ಕಾಲೇ ಕಾಣ್ತಿರಲಿಲ್ಲ ಕಣೋ!"

ಹಾಗಾದರೆ ನಾನು ಕಂಡದ್ದು ಅವಳ ಅಡುಗೆಮನೆಯ ತಾಮ್ರದ ಹಂಡೆಯ ತಳವಿರಬೇಕು. ಕೆರೆ ನೀರು ತಂದು, ಚಿಲ್ಲದ ಬೀಜ ತೇದು ಕಲಕಿಬಿಟ್ಟರೆ ಬೆಳಗಾಗುವಷ್ಟರಲ್ಲಿ ಮಣ್ಣು ಕೆಳಗಿಳಿದು ನೀರು ಆಕಾಶದಂತೆ ಕೂತಿರುತ್ತಿತ್ತು. ಆ ಬೀಜ ಮಣ್ಣನ್ನು ಹಿಡಿದೆಳೆಯುತ್ತದೆ ನಿಜ. ಸೋಪಿನ ನೀರು, ಕಕ್ಕಸಿನ ನೀರು ಅದಕ್ಕೆ ಬಗ್ಗುವುದಿಲ್ಲ. ಎಂಬತ್ತರ ದಶಕದ ಹೊತ್ತಿಗೆ ಮೇಲಿನ ಹೊಲಗಳು ಸೈಟುಗಳಾಗಿ, ಹೊಸ ಬಡಾವಣೆಯ ಮೋರಿ ನೇರ ಕೆರೆಗೇ ಇಳಿದಿತ್ತು. ಕೆಂಪು ನೀರು ಹಸಿರಾಯಿತು. ನಮ್ಮ ಬೀದಿಯವರು ಅದನ್ನೇ ಕುಡಿಯುತ್ತಿದ್ದರು.

ಮೋರಿಯ ವಿಷಯ ಹೇಳಲು ಹೋದೆ. ಬಡಾವಣೆಯವರು ಒಳ್ಳೆಯವರೇ. "ನೀರು ಕೆಟ್ಟಿದೆ ಅಂತ ರಿಪೋರ್ಟ್ ತೋರ್ಸಿ ಸಾರ್, ಮೋರಿ ತಿರುಗಿಸ್ತೀವಿ" ಎಂದರು. ಬೇಗ ಏಳುವುದು ನನ್ನ ಜಾಯಮಾನವಲ್ಲ. ಬೆಳಿಗ್ಗೆ ಕೆರೆಯಿಂದ ಸೀಸೆ ತುಂಬಿಸಿಡಲು ಅತ್ತೆಗೆ ಹೇಳಿ ಮಲಗಿದೆ. ಎದ್ದು ಅದನ್ನು ಕೋಲಾರಕ್ಕೆ ಒಯ್ದು ಪರೀಕ್ಷೆಗೆ ಕೊಟ್ಟೆ. ಕುಡಿಯಲು ಉತ್ತಮ ಎಂದು ರಿಪೋರ್ಟು ಬಂತು!

"ಏನು ತುಂಬಿಸ್ದೆ ಅತ್ತೆ?"

"ಕೆರೆ ನೀರೇ ಕಣೋ. ಕೋಲಾರದೋರು ನೋಡೋದಲ್ವಾ? ಸೋಸಿ, ಬೀಜ ತೇದು, ಕುದ್ಸಿ ಆರ್ಸಿ ಕೊಟ್ಟೆ. ಹಂಗೇ ಕಳ್ಸಿದ್ರೆ ಊರ ಮರ್ಯಾದೆ ಏನಾಗ್ಬೇಕು?"

ಹೆಣ್ಣು ನೋಡಲು ಬಂದವರ ಮುಂದೆ ಮಗಳನ್ನು ತಲೆ ಬಾಚದೆ ಕೂರಿಸುವವಳಲ್ಲ ಅವಳು. ನಾನು ಸಿಟ್ಟು ಮಾಡುವುದಾದರೂ ಹೇಗೆ? ಇಷ್ಟು ವರ್ಷ ನಾನೂ ಆ ಕೆರೆಯನ್ನು ಸೋಸಿಯೇ ಜನರ ಮುಂದಿಟ್ಟಿದ್ದೆನಲ್ಲ.

ಮೋರಿ ತಿರುಗಬೇಕಾದರೆ ಕೆರೆ ಇದ್ದಂತೆಯೇ ಹೋಗಬೇಕು ಎಂದು ತಿಳಿಸಿ ಹೇಳಿದೆ. ಮರುದಿನ ಬೆಳಿಗ್ಗೆ ಇಬ್ಬರೂ ಹೋದೆವು. ಮಂಜು ಇನ್ನೂ ನೀರಿನ ಮೇಲೇ ಮಲಗಿತ್ತು. ಹಸಿರು ಕೂಡ ಚೆಲುವಾಗಿ ಕಂಡಿತು. ಎಲ್ಲರೂ ಕೊಡ ತುಂಬಿಸುವ ಕಲ್ಲಿನ ಬಳಿ ಅತ್ತೆಯೇ ಬಗ್ಗಿ, ಮುಖ ಆಚೆ ತಿರುಗಿಸಿ ಸೀಸೆ ಅದ್ದಿದಳು.

"ತಗೊಂಡ್ಹೋಗು. ಚೀಟಿ ಮೇಲೆ ಕೆರೆ ಹೆಸರು ಮಾತ್ರ ಬರೀಬೇಡ."

ಹೆಸರಿಲ್ಲದ ನೀರಿನ ರಿಪೋರ್ಟಿಗೆ ಯಾವ ಮೋರಿಯೂ ತಿರುಗುವುದಿಲ್ಲ. ಆದರೂ "ಆಗಲಿ ಅತ್ತೆ" ಎಂದೆ. ಬಸ್ಸು ಹೆಂಚಿನ ಕಾರ್ಖಾನೆಗಳನ್ನು ದಾಟಿ, ಕೆರೆ ಕಣ್ಮರೆಯಾಗುವವರೆಗೆ ಕಾದು, ಆಮೇಲೆ ಪೆನ್ನು ತೆಗೆದೆ.