ಬಾಗಿಲ ಮೇಲಿನ ಗರಿಯ ಶಿಲುಬೆ

ಹೂಟಗಳ್ಳಿಯ ನಮ್ಮ ಮನೆಗೆ ನೀವು ಬಂದರೆ, ಕರೆಗಂಟೆಗಿಂತ ಮೊದಲು ನಿಮ್ಮ ಕಣ್ಣಿಗೆ ಬೀಳುವುದು ಬಾಗಿಲ ಚೌಕಟ್ಟಿಗೆ ಸಿಕ್ಕಿಸಿದ ತೆಂಗಿನ ಗರಿಯ ಪುಟ್ಟ ಶಿಲುಬೆ. ಈಸ್ಟರಿಗೆ ಮುಂಚಿನ ಗರಿಗಳ ಭಾನುವಾರ ಚರ್ಚಿನಲ್ಲಿ ಮಂತ್ರಿಸಿ ಕೊಟ್ಟ ಗರಿಯನ್ನು ಮಡಿಚಿ ಶಿಲುಬೆ ಮಾಡಿ, ಮುಂದಿನ ವರ್ಷ ಅದನ್ನು ಸುಟ್ಟ ಬೂದಿಯನ್ನು ಹಣೆಗೆ ಹಚ್ಚಿಸಿಕೊಳ್ಳುವವರೆಗೂ ಬಾಗಿಲಲ್ಲಿಟ್ಟು ಕಾಯುವುದು ನಮ್ಮ ಮನೆತನದ ರೂಢಿ. ಎರಡು ತಿಂಗಳಿಗೆ ಹಸಿರು ಮಾಸಿ, ಆರು ತಿಂಗಳಿಗೆ ಒಣಹುಲ್ಲಿನಂತಾಗುವ ಈ ವಸ್ತುವನ್ನು ಯಾರು ತಾನೇ ಕದಿಯುತ್ತಾರೆ? ಕದ್ದವಳು ನಾನೇ.

ಶುಕ್ರವಾರ ಸಂಜೆ ನಮ್ಮ ನಡುಮನೆಯಲ್ಲಿ ಏಳೆಂಟು ಜನ ಸೇರಿ ಮಣಿ ಎಣಿಸುತ್ತ ಜಪಸರದ ಪ್ರಾರ್ಥನೆ ಮಾಡುವುದು ನಾನು ಸೊಸೆಯಾಗಿ ಬಂದಾಗಿನಿಂದಲೂ ಉಂಟು. ಎದುರುಮನೆಗೆ ಹೊಸದಾಗಿ ಬಂದವರೊಬ್ಬರು ಒಂದು ದಿನ ಗೇಟಿನ ಬಳಿ ನಿಂತು, "ಜನ ಸೇರಿಸ್ಕಂಡು ಇದೆಲ್ಲ ಮಾಡ್ಬೇಡಿ ಕಣ್ರೀ, ನಾಳೆ ಕಂಪ್ಲೇಂಟ್ ಕೊಡ್ಬೇಕಾಯ್ತದೆ" ಎಂದರು. ಮುಂದಿನ ಶುಕ್ರವಾರ ಇನ್ನಿಬ್ಬರನ್ನು ಕರೆತಂದು ಅದನ್ನೇ ಜೋರಾಗಿ ಹೇಳಿದರು. ಅಂದು ಜಪಕ್ಕೆ ಬಂದವರು ಮೂರೇ ಜನ. ನನಗೆ ಹೆದರಿಕೆಯಾಯಿತು, ಹೆದರಿಕೆಯ ಬೆನ್ನಿಗೇ ಬಂದ ಸಿಟ್ಟು ಹೋಗಲೇ ಇಲ್ಲ. ರಾತ್ರಿಯಾಗುವ ಮೊದಲೇ ಶಿಲುಬೆಯನ್ನು ಕಿತ್ತು, ಬೀರುವಿನಲ್ಲಿ ರೇಷ್ಮೆ ಸೀರೆಯ ಮಡಿಕೆಯೊಳಗಿಟ್ಟು, ಇದು ಜಾಣತನ ಎಂದು ನನಗೆ ನಾನೇ ಹೇಳಿಕೊಂಡೆ.

ನಮ್ಮತ್ತೆ ಜ್ಞಾನಮ್ಮನವರಿಗೆ ಕಣ್ಣು ಮಂಜು, ಕೈ ಚುರುಕು. ಒಳಗೆ ಹೊರಗೆ ಓಡಾಡುವಾಗಲೆಲ್ಲ ತುದಿಗಾಲಲ್ಲಿ ನಿಂತು ಗರಿಯನ್ನು ಮುಟ್ಟಿ, ಬೆರಳಿಗೆ ಮುತ್ತಿಡುವುದು ಅವರ ಪದ್ಧತಿ. ಮರುದಿನ ಬೆಳಿಗ್ಗೆ ಅವರ ಕೈ ಬರಿಯ ಚೌಕಟ್ಟನ್ನು ಮೂರು ಸಲ ತಡವಿದ್ದನ್ನು ಅಡುಗೆಮನೆಯಿಂದ ನೋಡಿ ನನಗೆ ಸಂಕಟವಾಯಿತು. ಆ ಮಹಾತಾಯಿ ಬರಿಯ ಬೆರಳಿಗೇ ಮುತ್ತಿಟ್ಟು ಒಳಗೆ ಹೋದರು.

ಸಂಜೆ ದಿನದಂತೆ ನಾವಿಬ್ಬರೇ ಜಪಕ್ಕೆ ಕುಳಿತೆವು. ಪ್ರತಿ ಹತ್ತು ಮಣಿಯನ್ನೂ ಒಬ್ಬೊಬ್ಬರ ಹೆಸರು ಹೇಳಿ ಒಪ್ಪಿಸುವುದು ಅತ್ತೆಯ ಕಟ್ಟುನಿಟ್ಟು. ನಾನು ಬಲು ಗಂಭೀರವಾಗಿ, "ನಮ್ಮನ್ನು ವಿರೋಧಿಸುವವರಿಗಾಗಿ" ಎಂದೆ. ಅತ್ತೆ ಮಣಿ ನಿಲ್ಲಿಸಿದರು.

"ಅವ್ರಿಗೆ ಹೆಸ್ರಿಲ್ವಾ?"

"ಗೊತ್ತಿಲ್ಲ ಅತ್ತೆ."

"ಓಗಿ ಕೇಳ್ಕಂಬಾ. ಹೆಸ್ರೇ ಗೊತ್ತಿಲ್ದೋರ್ನ ಎಂಗವ್ವ ದೇವ್ರ ಮುಂದೆ ನಿಲ್ಸೋದು? ಮುಂದೆ ಇಂಥೋರು ಇನ್ನೂ ಬತ್ತಾರೆ ಕಣಮ್ಮ. ಈಗ್ಲೇ ಅಭ್ಯಾಸ ಮಾಡ್ಕಬುಡು."

ಕಷ್ಟಕಾಲಕ್ಕೆ ಸಿದ್ಧರಾಗಿರಿ ಎಂದು ಚರ್ಚಿನ ಗುರುಗಳು ಪ್ರಸಂಗದಲ್ಲಿ ಹೇಳಿದಾಗಲೆಲ್ಲ ನನಗೆ ಹೊಳೆಯುತ್ತಿದ್ದದ್ದು ಗೇಟಿನ ಚಿಲಕ ಮತ್ತು ವಕೀಲರ ಫೋನ್ ನಂಬರು. ಮನಸ್ಸು ಕಹಿಯಾಗದಂತೆ ನೋಡಿಕೊಳ್ಳುವುದೂ ಒಂದು ಸಿದ್ಧತೆ, ಬಹುಶಃ ಅದೇ ಮೊದಲು ಆಗಬೇಕಾದದ್ದು ಎಂದು ತೋಚಿರಲಿಲ್ಲ. ಯಾರಾದರೂ ಕಿತ್ತುಕೊಳ್ಳುವ ಮೊದಲೇ ಶಿಲುಬೆಯ ಜೊತೆಗೆ ಪ್ರೀತಿಯನ್ನೂ ನಾನೇ ಬೀರುವಿಗೆ ಸೇರಿಸಿಬಿಟ್ಟಿದ್ದೆನಲ್ಲ!

ಮರುದಿನ ರಸ್ತೆ ದಾಟಿ ಎದುರುಮನೆಯವರ ಹೆಸರು ಕೇಳಿದೆ.

"ಯಾಕೆ, ಕಂಪ್ಲೇಂಟ್ ಕೊಡೋಕಾ?"

"ಅಲ್ಲ ಕಣ್ರೀ. ನಮ್ಮತ್ತೆ ಜಪದಲ್ಲಿ ನಿಮ್ಮ ಹೆಸ್ರು ಹೇಳ್ಬೇಕಂತೆ."

ಅವರು "ಮಹದೇವ" ಎಂದು ಬಾಗಿಲು ಹಾಕಿಕೊಂಡರು.

ಅವರು ಬದಲಾದರು ಎಂದರೆ ಸುಳ್ಳಾದೀತು. ಶುಕ್ರವಾರ ಈಗಲೂ ಗೇಟಿನ ಬಳಿ ನಿಲ್ಲುತ್ತಾರೆ, ನನಗೆ ಈಗಲೂ ಹೆದರಿಕೆಯಾಗುತ್ತದೆ. ಆದರೆ ದಿನವೂ ಅವರ ಹೆಸರು ಹಿಡಿದು ಒಳ್ಳೆಯದನ್ನು ಬೇಡುವ ಬಾಯಿಗೆ ಬೈಗುಳ ಅಷ್ಟು ಸುಲಭವಾಗಿ ಬರುವುದಿಲ್ಲ. ಶಿಲುಬೆ ಮತ್ತೆ ಬಾಗಿಲಿಗೆ ಬಂದಿದೆ. ಅತ್ತೆ ತುದಿಗಾಲಲ್ಲಿ ನಿಲ್ಲುವುದು ಬೇಡವೆಂದು ಈ ಸಲ ಒಂದು ಗೇಣು ಕೆಳಗೆ ಸಿಕ್ಕಿಸಿದ್ದೇನೆ. ಅಲ್ಲಿಂದ ಅದು ಮಹದೇವರ ಮನೆಗೂ ಚೆನ್ನಾಗಿ ಕಾಣುತ್ತದೆ.