ಕೈಲಾಸದ ಹೂವಿಗೆ ಹಾಲು

ಅಥವಾ ಅದು ಹಾಲಿನ ವಾಸನೆಯೇ ಆಗಿರಲಿಲ್ಲವೋ ಏನೋ. ಆದರೆ ಒಡೆದು ಹುಳಿತ ಹಾಲು ಮೂಗಿಗೆ ಬಡಿದರೆ ಸಾಕು, ಧಾರವಾಡದ ನಮ್ಮ ಹಿತ್ತಲು ಕಣ್ಣೆದುರು ಬರುತ್ತದೆ. ಆ ಮನೆ ಈಗಿಲ್ಲ. ನಿಮ್ಮ ಬಾಲ್ಯದ ಮನೆಯೂ ಇಲ್ಲದಿರಬಹುದು, ಅದು ಮಲ್ಲಿಗೆಯ ವಾಸನೆಯೊಡನೆ ನೆನಪಾಗುತ್ತಿದ್ದರೆ ನಿಮ್ಮ ಪುಣ್ಯ. ನನ್ನ ನೆನಪಿನಲ್ಲಿ ಎಷ್ಟು ನಡೆದದ್ದು, ಎಷ್ಟು ನಾನೇ ಹೊಲಿದದ್ದು, ಹೇಳಲಾರೆ. ಕುಂಡವಂತೂ ಇತ್ತು. ಕಾಕಾನ, ಅಂದರೆ ಅಪ್ಪನ ತಮ್ಮನ, ಕಚೇರಿಯ ಸಾಹೇಬರ ಹೆಂಡತಿ ಹಿಮಾಲಯದಿಂದ ತಂದಿದ್ದ ಗಿಡವನ್ನು ಊರು ಬಿಡುವಾಗ ಅವನ ಕೈಗೆ ಕೊಟ್ಟಿದ್ದಳು. ಅಂಗೈಯಗಲದ ಗಿಡ, ನೆಲಕ್ಕೆ ಅವುಚಿಕೊಂಡಿತ್ತು; ಹೂವು ಗಾಢ ನೀಲಿ ಎಂದಿದ್ದಳಂತೆ. ಬಂದವರಿಗೆಲ್ಲ ತೋರಿಸಿ ಮೀಸೆ ತಿರುವುವುದು ಕಾಕಾನ ಪಾಲು, ಬೆಳೆಸುವುದು ಗಂಗಾ ಅತ್ತೆಯ ಪಾಲು.

ಅತ್ತೆ ಅಪ್ಪನ ತಂಗಿ. ಹುಡುಗಿಯಾಗಿದ್ದಾಗಲೇ ಗಂಡ ಸತ್ತು, ತಲೆ ಬೋಳಿಸಿಕೊಂಡು, ಕೆಂಪು ಸೀರೆಯುಟ್ಟು ತವರಿಗೆ ಮರಳಿದವಳು. ಸಾಹೇಬರ ಹೆಂಡತಿ ಹೇಳಿ ಕಳಿಸಿದಂತೆಯೇ ಅವಳು ಜಲ್ಲಿಗೆ ದಪ್ಪ ಮರಳು ಬೆರೆಸಿ ಕುಂಡ ತುಂಬಿದಳು, ಗೊಬ್ಬರ ಸೋಕಿಸಲಿಲ್ಲ. ಅದನ್ನು ಇನ್ನೊಂದು ದೊಡ್ಡ ಕುಂಡದೊಳಗಿಟ್ಟು, ಎರಡರ ನಡುವೆ ತುಂಬಿದ ಮರಳಿಗೆ ಮಾತ್ರ ನೀರು ಹನಿಸುತ್ತಿದ್ದಳು. ಬೇರು ತಣ್ಣಗಿರಬೇಕು, ಬುಡದಲ್ಲಿ ನೀರು ನಿಲ್ಲಬಾರದು. ಎಳೆಬಿಸಿಲು ಉಣಿಸಿ, ಬಿಸಿಲೇರುವ ಮೊದಲೇ ಬಾವಿಕಟ್ಟೆಯ ನೆರಳಿಗೆ ಎತ್ತಿಡುವಳು. ಮೊಗ್ಗು ಕಂಡ ದಿನ ನನ್ನನ್ನು ಕರೆದು ತೋರಿಸಿದಳು. "ಇದು ಮುಡಿಯೋ ಹೂವಲ್ಲ, ದಂಟಽ ಇಲ್ಲ ಇದಕ್ಕ. ಬರೇ ನೋಡೋಣು. ನೋಡ್ಲಿಕ್ಕೆ ಯಾರ ಅಪ್ಪಣಿ ಬೇಕು?"

ಅಪ್ಪಣೆ ಬೇಕಿತ್ತು. ಗಿಡ ಹಿಮಾಲಯದ್ದೆಂದು ಅಜ್ಜಿಯ ಕಿವಿಗೆ ಬಿತ್ತು. "ಕೈಲಾಸದಿಂದ ಬಂದದ್ದು, ಮುತ್ತೈದಿ ಕೈಯಾಗ ಪೂಜಿ ಆಗಬೇಕು. ಗಂಗಾ, ನೀ ಇನ್ನ ಮುಟ್ಟಬ್ಯಾಡ." ಮರುದಿನದಿಂದ ಕಾಕಾನ ಹೆಂಡತಿ, ನಮ್ಮ ಕಾಕು, ದಿನಾ ಅರಿಷಿಣ, ಕುಂಕುಮ ಏರಿಸಿ, ತಂಬಿಗೆ ಹಾಲು ಸುರಿದಳು.

"ಅವ್ವಾ, ನೀರು ಹೆಚ್ಚಾದರನಽ ಕೊಳೀತದ ಅದು!" ಎಂದಳು ಅತ್ತೆ.

"ಭಾಳ ತಿಳದಾಕಿ!" ಎಂದಳು ಅಜ್ಜಿ. ಕೈಮುಗಿಯಲು ಬಂದ ನೆರೆಮನೆಯಾಕೆ ನಕ್ಕಳು: "ಹಡದ ಕೂಸಿನಂಗ ಮಾಡ್ತಾಳ ನೋಡ್ರಿ, ಪಾಪ."

ಎಲ್ಲ ತಿಳಿದಿದ್ದ ಕಾಕಾ ಮೀಸೆ ತಿರುವುತ್ತ ನಿಂತ. ಜನ ಕೈಮುಗಿಯುತ್ತಿದ್ದದ್ದು ಅವನ ಹಿತ್ತಲಿನಲ್ಲಲ್ಲವೇ! ಎಲೆಗಳು ಲೋಳೆಯಾದವು. ನೊಣ ಮುತ್ತಿದವು, ಇರುವೆ ಸಾಲುಗಟ್ಟಿದವು. ಆದರೂ ಕುಂಡದ ತೂತಿನಿಂದ ಸೋರಿದ ಹಳದಿ ಹಾಲನ್ನು ತೀರ್ಥವೆಂದು ನಮ್ಮ ಅಂಗೈಗೆ ಹಾಕಿದರು, ನಾವು ಕಣ್ಣಿಗೊತ್ತಿಕೊಂಡು ಕುಡಿದೆವು. ಆ ಲೋಳೆ ಇನ್ನೂ ನನ್ನ ಗಂಟಲಲ್ಲಿದೆ. ಬಾಲ್ಯದ ಮನೆಯನ್ನು ಕೊಂಡಾಡುವ ಮಾತು ಕೇಳಿದಾಗಲೆಲ್ಲ ಅದು ಮೇಲೆ ಬರುತ್ತದೆ.

ಕೊನೆಗೆ ಕಾಕು ಮೂಗು ಮುಚ್ಚಿಕೊಂಡು ಅದೆಲ್ಲವನ್ನೂ ತಿಪ್ಪೆಗೆ ಸುರಿದಳು. ಅಂದು ಬಾವಿಕಟ್ಟೆಯ ಹತ್ತಿರ ಅತ್ತೆ ನನ್ನ ಕಿವಿಯಲ್ಲಿ ಹೇಳಿದಳು: "ನಸುಕಿನ್ಯಾಗ ಅರಳಿತ್ತು. ನಾ ನೋಡಿದೆ."

"ನೀಲಿ ಇತ್ತೇನು ಅತ್ಯಾ?"

ಅವಳು ಕೊಡ ಎತ್ತಿಕೊಂಡು ಒಳಗೆ ಹೋದಳು. ಅಷ್ಟು ಕೊಳೆತ ಗಿಡದಲ್ಲಿ ಮೊಗ್ಗು ಉಳಿದಿತ್ತೇ? ಅವಳು ನೋಡಿದ್ದಳೇ, ಅಥವಾ ಅಜ್ಜಿಗೂ ಕಾಕುಗೂ ಸೋಲಬಾರದೆಂದು ಹಾಗೆ ಹೇಳಿದಳೇ? ನನಗೆ ಗೊತ್ತಿಲ್ಲ.