ಬೀಗ ಬಿದ್ದ ಕಸರತ್ತಿನ ಕೋಣೆ

ಬೇಸ್‌ಬಾಲ್ ತಂಡದ ಆಟಗಾರರು ಅವಳನ್ನು ಕಬ್ಬಿಣದಕ್ಕ ಎನ್ನುತ್ತಿದ್ದರು. ಹರೆಯದಲ್ಲಿ ಭಾರ ಎತ್ತಿ ಪದಕ ಗೆದ್ದವಳು, ಈಗ ತಂಡದ ಟ್ರೇನರ್. ಕೋಚ್ ಅವಳ ಒಡಹುಟ್ಟಿದ ಅಣ್ಣ. ಆದರೂ ಇಬ್ಬರದು ಹಾವು ಮುಂಗುಸಿಯ ಸಂಬಂಧ.

ಆ ವರ್ಷ ಪಂದ್ಯಗಳು ಶುರುವಾದ ವಾರವೇ ಅಣ್ಣ ಕಸರತ್ತಿನ ಕೋಣೆಗೆ ಬೀಗ ಜಡಿದ.

"ಸೀಸನ್ ಮುಗಿಯೋವರೆಗೂ ಯಾರೂ ಭಾರ ಮುಟ್ಟೋ ಹಾಗಿಲ್ಲ. ಮೈ ಹಣ್ಣಾದವ್ರನ್ನ ಇಟ್ಕೊಂಡು ನಾನೇನು ಆಡ್ಸಲಿ?"

"ಈಗ ಬಿಟ್ರೆ ಕೊನೇ ಪಂದ್ಯಗಳ ಹೊತ್ತಿಗೆ ಕಾಲಲ್ಲಿ ಕಸುವೇ ಇರಲ್ಲ. ಸ್ವಲ್ಪವೇ ಎತ್ತಲಿ, ಪಂದ್ಯ ನೋಡ್ಕೊಂಡು ಎತ್ತಲಿ. ಪೂರ್ತಿ ನಿಲ್ಸೋದು ದಡ್ಡತನ."

"ದಡ್ಡ ಅಂತ ಯಾರಿಗಂದೆ?"

"ಇಲ್ಲಿ ಇನ್ಯಾರಿದಾರೆ?"

ಮರುದಿನ ಅವಳು ಮನೆಯಿಂದ ತನ್ನದೇ ಸರಳು, ಭಾರದ ಬಿಲ್ಲೆಗಳನ್ನು ವ್ಯಾನಿನಲ್ಲಿ ತಂದು ಮೈದಾನದ ಹಿಂದಿನ ಪಾರ್ಕಿಂಗ್‌ನಲ್ಲಿ ಇಳಿಸಿದಳು. ಅಲ್ಲಿಗೆ ಬಂದವನು ಒಬ್ಬನೇ, ಚೆಂಡೆಸೆಯುವ ಪಿಚರ್. ಭಾರ ಹೊತ್ತು ಬಸ್ಕಿ ಹೊಡೆಯುತ್ತಿದ್ದ ಅವನನ್ನು ಅಣ್ಣ ಮಹಡಿಯ ಮೇಲಿನ ತನ್ನ ಕೋಣೆಯ ಕಿಟಕಿಯಿಂದ ಕಂಡ. ಅಂದು ಸಂಜೆ ಉಳಿದವರನ್ನೆಲ್ಲ ಮನೆಗೆ ಕಳಿಸಿ, ಕತ್ತಲಾಗುವವರೆಗೂ ಅವನೊಬ್ಬನಿಂದಲೇ ಚೆಂಡು ಎಸೆಸಿದ.

ಬೆಳಿಗ್ಗೆ ಪಿಚರ್ ಭುಜ ಉಜ್ಜಿಕೊಳ್ಳುತ್ತಲೇ ಬಂದ. "ಅಕ್ಕಾ, ಇಲ್ಲಿ ಹಿಡ್ಕೊಂಡಿದೆ. ಸಂಜೆ ಪಂದ್ಯ ಬೇರೆ ಇದೆ. ಇವತ್ತು ಬೇಡ."

ಬೇಡವೆಂದು ಅವಳಿಗೂ ಗೊತ್ತಿತ್ತು. ಪಂದ್ಯದ ದಿನ ಎಸೆಯುವವನಿಗೆ ಭಾರ ಕೊಡಬಾರದೆಂದು ಎಲ್ಲರಿಗೂ ಹೇಳಿಕೊಟ್ಟವಳೇ ಅವಳು. ಅಷ್ಟರಲ್ಲಿ ಮೇಲಿನ ಕಿಟಕಿಯಲ್ಲಿ ಅಣ್ಣನ ಮುಖ ಕಾಣಿಸಿತು, ಹಲ್ಲು ಕಿರಿಯುತ್ತಿತ್ತು. ಅವಳ ಮೈಯೆಲ್ಲ ಉರಿದುಹೋಯಿತು.

"ನೀನು ನಿಲ್ಸಿದ್ರೆ ಅವನು ಗೆದ್ದ ಹಾಗೆ. ಎತ್ತು."

ಅವನು ಎತ್ತಿದ. ಸಂಜೆ ಪಂದ್ಯದ ಮಧ್ಯೆ ಚೆಂಡು ಅವನ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಅವನು ಭುಜ ಹಿಡಿದು ಮಂಡಿಯೂರಿದ.

ಆಸ್ಪತ್ರೆಯಲ್ಲಿ ಅವನ ಮಂಚದ ಆಚೆ ಈಚೆ ನಿಂತು ಅಣ್ಣ ತಂಗಿ ಕಚ್ಚಾಡಿದರು. ನೀನು ಎತ್ತಿಸಿದ್ದು, ನೀನು ಎಸೆಸಿದ್ದು.

"ಸಾಕು," ಎಂದ ಪಿಚರ್. "ಹರಿದಿರೋದು ನನ್ನ ಭುಜ. ಇಬ್ರೂ ಆಚೆ ಹೋಗಿ."

ತಂಡ ಇಬ್ಬರನ್ನೂ ಕೆಲಸದಿಂದ ತೆಗೆಯಿತು. ಎರಡು ವರ್ಷದ ಮೇಲೆ ಆ ಪಿಚರ್ ಬೇರೆ ತಂಡಕ್ಕೆ ಆಡುತ್ತಾನೆಂದು ಕೇಳಿ ಅವಳು ನೋಡಲು ಹೋದಳು. ಪಂದ್ಯ ಮುಗಿದ ಮೇಲೆ ಬೇಲಿಯ ಬಳಿ ನಿಂತು, "ಭುಜ ಹೇಗಿದೆಯಪ್ಪ?" ಎಂದಳು.

ಅವನು ಗುರುತು ಹಿಡಿದ. "ನಿಮಗ್ಯಾಕೆ?" ಎಂದು ಚೀಲ ಹೆಗಲಿಗೇರಿಸಿ ಬಸ್ಸು ಹತ್ತಿದ.